ದಾದಾಪುರ

ಹರಿಹರದಿಂದ ಫಿಲೋಮಿನಾ ಟೀಚರ್ ಕಳಿಸಿದ್ದು,
ಬಸ್ ಕಂಡಕ್ಟರನ ಕೈಲಿ, ಹಳೇ ಸೀರೆಯಲ್ಲಿ ಸುತ್ತಿ:
ಊಟದ ತಟ್ಟೆಗಿಂತ ಅಗಲ, ಕಪ್ಪಗೆ ಮಿರುಗುವ ಹಾಡು.
ಮೂವತ್ತೆಂಟು ವರ್ಷಕ್ಕೆ ಮತ್ತೆ ಅಚ್ಚಾಗಿದೆ
‘ಮೂರನೇ ಪಾಳಿ’.

ಸಿನಿಮಾ ಓಡಿದ್ದು ನಾಲ್ಕೇ ದಿನ.
ಐದನೇ ದಿನ ಟಾಕೀಸಿನವನು ದೇವರ ಚಿತ್ರ ಹಾಕಿ
ಗೇಟಿನಲ್ಲಿ ತೆಂಗಿನಕಾಯಿ ಮಾರಿದ.
ಕ್ಯಾಸೆಟ್ಟು ಮಾತ್ರ ಉಳಿಯಿತು
ಲಾರಿ ಡ್ರೈವರುಗಳ ಡಬ್ಬಿಯಲ್ಲಿ,
ಒಂಬತ್ತು ಹಾಡು, ಹನ್ನೊಂದು ರೂಪಾಯಿ.

ನಮ್ಮದು ರಾಕು. ಹೆಸರು ‘ಭಟ್ಟಿ’.
ಹಾಲೇಶಿ ಮಿಲ್ಲಿನ ಕರೆಂಟು ಖಾತೆಯವನು,
ಸುಟ್ಟ ಮೋಟಾರಿನ ತಂತಿ ಬಿಚ್ಚಿ
ಗಿಟಾರಿಗೆ ತಾನೇ ಸುತ್ತಿದ ಪಿಕಪ್ಪು.
ಕೊಟ್ರಬಸು ಹಾಡಿದರೆ
ಗಂಟಲಲ್ಲಿ ಕೂತ ಹತ್ತಿಧೂಳೂ ಹಾಡುತ್ತಿತ್ತು.
ಚರ್ಚಿನ ಹಾರ್ಮೋನಿಯಂ ಟೀಚರ್ ಕೇಳದೆ ತಂದಿದ್ದರು;
ಕೇಳಿ ತಂದಿದ್ದರೆ ಅಷ್ಟು ಚೆನ್ನಾಗಿ ನುಡಿಯುತ್ತಿರಲಿಲ್ಲ.
ಡ್ರಮ್ಸಿಗೆ ನಾನು,
ಅಬ್ಬಾನ ಮಂಡಕ್ಕಿ ಭಟ್ಟಿಯಲ್ಲಿ ಪಳಗಿದ ಕೈ:
ಕಾದ ಮರಳಿಗೆ ಅಕ್ಕಿ ಬಿದ್ದಾಗ
ಮೊದಲು ಒಂದು, ಆಮೇಲೆ ಎರಡು ಮೂರು,
ಆಮೇಲೆ ಲೆಕ್ಕ ಕೇಳುವವನೇ ಇಲ್ಲ.
ಆ ಲೆಕ್ಕ ತಪ್ಪುವ ಜಾಗ ಗೊತ್ತಿತ್ತು ನನಗೆ. ಅಷ್ಟೇ ನನ್ನ ವಿದ್ಯೆ.

ಸ್ಟುಡಿಯೋ ಎಲ್ಲಿಯದು, ದಾವಣಗೆರೆಯಲ್ಲಿ?
ಹತ್ತಿ ಗೋದಾಮು. ಅಂಡಿಗೆಗಳನ್ನೇ ಗೋಡೆ ಮಾಡಿ ಒಳಗೆ ಕೂತರೆ
ಆಚೆಯ ಸದ್ದು ಈಚೆಗಿಲ್ಲ,
ಮಿಲ್ಲಿನ ಕೂಗೊಂದು ಬಿಟ್ಟು.
ರಾತ್ರಿ ಹನ್ನೆರಡಕ್ಕೆ ಅದು ಕೂಗಿದಾಗ
ಆರನೇ ಹಾಡಿನ ನಡುವಿದ್ದೆವು. ನಿಲ್ಲಿಸಲಿಲ್ಲ.
ಹಾಲೇಶಿ ಅದರ ಶ್ರುತಿಗೇ ತಂತಿ ಜಗ್ಗಿದ.

ಹುಬ್ಬಳ್ಳಿಯಲ್ಲಿ ಅಚ್ಚಾಗಿ ಬಂದ ಚೀಟಿಯಲ್ಲಿ
‘ಡ್ರಮ್ಸ್: ದಾದಾಪುರ’.
ಪೀರು ಹೋಗಿ ಪುರವಾಗಿತ್ತು.
ಪ್ರೊಡ್ಯೂಸರ್ ನಕ್ಕ: ಬಿಡೋ ದಾದಾಪೀರ,
ಸಾವಿರ ಚೀಟಿ ಯಾರು ಹರಿದಾರು,
ಇನ್ನೊಂದು ಸಲ ಹಾಕಿಸಿದಾಗ ತಿದ್ದಿದರಾಯಿತು.

ಇದು ಆ ಇನ್ನೊಂದು ಸಲ.

ಪುಣೆಯ ಹುಡುಗರಿಬ್ಬರು, ಬಲು ನಿಯತ್ತಿನವರು.
ಬೂಷ್ಟು ಹಿಡಿದ ಟೇಪು ಒಣಗಿಸಿ,
ಗಾದಿ ಹತ್ತಿಯ ಹಾಗೆ ಹಿಂಜಿ ಹಿಂಜಿ ಕಸ ತೆಗೆದು,
ಹನ್ನೆರಡು ಪುಟದ ಪುಸ್ತಕವನ್ನೂ ಬರೆದಿದ್ದಾರೆ.
ಅದು ಅಚ್ಚಾದ ಮೇಲೆ ಟೀಚರ್ ಸಿಕ್ಕರಂತೆ ಅವರಿಗೆ.
ಏಳನೇ ಪುಟದ ಇಂಗ್ಲಿಷನ್ನು
ಮೊಮ್ಮಗಳು ಮುಬೀನಾ ಬಿಡಿಸಿ ಹೇಳಿದಳು:
“ತಾಳವಾದ್ಯಗಳನ್ನು ದಾದಾಪುರವೆಂಬ ಹಳ್ಳಿಯಲ್ಲಿ
ಬೇರೆಯಾಗಿ ಮುದ್ರಿಸಿಕೊಂಡಂತಿದೆ.
ನುಡಿಸಿದವರು ಆ ಊರಿನ ಜನ, ಕನಿಷ್ಠ ಮೂವರು.
ಆರನೇ ಹಾಡಿನ ಉದ್ದನೆಯ ಕೊಂಬೂ ಅಲ್ಲಿಯದೇ ಇರಬೇಕು.
ಊರು ಎಲ್ಲಿದೆಯೆಂದು ತಿಳಿದುಬಂದಿಲ್ಲ.”

ಕನಿಷ್ಠ ಮೂವರು!
ಅವತ್ತೆಲ್ಲ ಅದೊಂದಕ್ಕೇ ಉಬ್ಬಿ ಕೂತಿದ್ದೆ,
ಗಿರಾಕಿಗೆ ಒಂದು ಸೇರು ಹೆಚ್ಚೇ ಅಳೆದೆ.

ಟೀಚರ್ ಫೋನಿನಲ್ಲಿ ಸಿಟ್ಟಾದರು: ಬರಿ, ಅವರಿಗೊಂದು ಕಾಗದ ಬರಿ.
ಬರೆಯಲು ಕೂತೆ. ‘ಮಾನ್ಯರೇ, ದಾದಾಪುರ ನಾನೇ’
ಅಷ್ಟು ಬರೆದು ಪೆನ್ನು ಮುಚ್ಚಿದೆ.
ಕೊಟ್ರಬಸು ಹೋಗಿ ಹದಿಮೂರು ವರ್ಷ.
ಹಾಲೇಶಿ ಹೋದದ್ದು ನನಗೆ ತಿಂಗಳಾದ ಮೇಲೆ ತಿಳಿಯಿತು.
ಮಿಲ್ಲಿನ ಜಾಗದಲ್ಲಿ ಮೂವತ್ತು ನಲವತ್ತರ ಸೈಟುಗಳು,
ಗೋದಾಮಿನ ಜಾಗ ಯಾವುದೆಂದು ನಿಂತು ನೋಡಿದರೂ ಗುರುತು ಹತ್ತದು.
ಆ ಕೂಗಿಗಾದರೂ ಒಂದು ಊರು ಬೇಡವೇ?
ಹನ್ನೆರಡಕ್ಕೆ ಎದ್ದು ಬುತ್ತಿ ಹಿಡಿದು ಹೊರಡುವ ಜನ,
ಒಂದು ಕಂಬ, ಅದರ ಕೆಳಗೆ ತಂತಿ ಸುತ್ತುವವನೊಬ್ಬ.

ಕಾಗದ ಗಲ್ಲಾಪೆಟ್ಟಿಗೆಯಲ್ಲಿದೆ. ನಾಳೆ ಕಳಿಸಿದರೂ ಕಳಿಸಿಯೇನು.

ತಟ್ಟೆ ತಿರುಗಿಸುವ ಯಂತ್ರ ನಮ್ಮಲ್ಲಿಲ್ಲ.
ಮುಬೀನಾ ಅದನ್ನು ಬಾಗಿಲ ಬೆಳಕಿಗೆ ಹಿಡಿದು
ಎರಡನೇ ಬದಿಯ ಗೆರೆ ಎಣಿಸುತ್ತಾಳೆ,
ಕೊಂಬು ಎಲ್ಲಿದೆ ದಾದಾ, ಇದಾ, ಇದಾ?

ತಡಿ, ಎಂದೆ. ಮರಳು ಕಾದಿತ್ತು.
ಒಂದು ಮೊರ ಅಕ್ಕಿ ಸುರಿದೆ.
ಮೊದಲು ಒಂದು.