ಇದರಾಗ ನಮ್ಮೂರಿಲ್ಲ

ಬೆಟಗೇರಿಯೊಳಗ ನೇಕಾರರ ಮನೀ ಮ್ಯಾಲೆ ನನ್ನ ಕೋಣಿ.
ಕೆಳಗ ಮಗ್ಗ ಬಡೀತದ, ಮ್ಯಾಲೆ ನನ್ನ ಮೋಟರ್ ಕೊರೀತದ,
ನಡುವಿನ ಹಲಗಿಗೆ ಎರಡೂ ಸಪ್ಪಳ ರೂಢಿ.
ಡಾಕ್ಟರು ಬಾಯಿ ನೋಡತಾರ,
ನಾನು ಬಾಯಿಯ ಅಚ್ಚು ನೋಡತೇನಿ:
ಕಪಾಟಿನ ತುಂಬ ಪ್ಲಾಸ್ಟರಿನ ದವಡಿ,
ಹೆಸರಿನ ಚೀಟಿ ಅಂಟಿಸಿಕೊಂಡು
ಯಾವುದೋ ಮಾತಿನ ನಡುವ ನಿಂತಂಥವು.

ಗಂಗಿಮಾಳವ್ವ ಮುಂಡರಗಿ ಬಸ್ಸಿಳಿದು ಬಂದಳು,
ಮೆಟ್ಟಿಲಿಗೊಮ್ಮೆ ನಿಂತು.
ಕುತ್ತಿಗಿ ಹೊಳ್ಳಲಿಲ್ಲ. ಮೈಯನ್ನೇ ಹೊಳ್ಳಿಸಿ ನೋಡಿದಳು,
ಸಂದ್ಯಾಗ ಚಕ್ಕಡಿ ತಿರುಗಿದಂಗ.
"ದಾವಲ್ ಅಂದ್ರ ನೀನ ಏನಪಾ?
ಹಲ್ಲಿನ ಬಣ್ಣ ಆರಿಸಾವ?"

ಶೇಡ್ ಪಟ್ಟಿ ಕೊಟ್ಟೆ. ಸಾಲಿಗೆ ಹದಿನಾರು ಹಲ್ಲು,
ಹಾಲಿನಿಂದ ಹಿಡಿದು ಹಳೇ ಬೆಣ್ಣಿತನಕ.
ಕಿಡಕಿಯ ಬೆಳಕಿಗೆ ಹಿಡಿದು
ಜ್ವಾಳದಾಗಿನ ಹಳ್ಳು ಆರಿಸೋ ಬೊಟ್ಟಿನಿಂದ
ಒಂದೊಂದ ಸರಿಸಿದಳು. ಹೊಳ್ಳಿ ಕೊಟ್ಟಳು.
"ಇದರಾಗ ನಮ್ಮೂರಿಲ್ಲ."

ಸೆರಗಿನ ಗಂಟು ಬಿಚ್ಚಿ ಟೇಬಲ್ ಮ್ಯಾಲೆ ಇಟ್ಟಳು
ಕೀಳಿಸಿದ ಮೂರು ಹಲ್ಲು.
ಅಡ್ಡಗೆರಿ, ಕಂದು,
ಮಳಿ ಸೋರಿದ ಮಣ್ಣಿನ ಗ್ವಾಡಿ ಒಣಗಿದ ಮ್ಯಾಲೆ ಉಳಿಯೋ ಅಂಥದು.

"ಉಣ್ಣಾಕ ಏನೂ ಕಡಿಮಿ ಮಾಡಿಲ್ಲಪಾ ನಮ್ಮವ್ವ.
ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ನುಗ್ಗಿಸೊಪ್ಪಿನ ಪಲ್ಯ,
ಮಜ್ಜಿಗ್ಯಾಗ ಇಷ್ಟಿಷ್ಟ ತಿಳಿಸುಣ್ಣ,
ಮುಂಜಾನೆದ್ದು ಬೇವಿನ ಕಡ್ಡಿ.
ಹಡದಾಗ ಎರಡು ಡಬ್ಬಿ ಅಂಟಿನುಂಡಿ,
ಕೊಬ್ಬರಿ, ಉತ್ತತ್ತಿ, ಗಸಗಸಿ ಸುರುವಿ.
ತಿನ್ನ, ಸೊಂಟ ಕಲ್ಲಾಗಲಿ, ಅಂತಿದ್ಲು.
ಆತು ನೋಡು. ಕಲ್ಲ ಆತು. ಬಗ್ಗಂಗಿಲ್ಲ."

ಆಕಿ ನಕ್ಕಳು, ಸೆರಗಿನ್ಯಾಗ.

"ನಮ್ಮಕ್ಕ ಬೆಳದದ್ದು ಹೊಳಿದಂಡಿಗೆ, ಸ್ವಾದರಮಾವನ ಮನ್ಯಾಗ.
ಅಲ್ಲೂ ಅದ ಸಜ್ಜಿ, ಅದ ಎಳ್ಳು, ಅದ ನುಗ್ಗಿ.
ಸವತಿ ಬೀಜದಂಥ ಹಲ್ಲು ಆಕೀವು, ಇವತ್ತಿಗೂ.
ನಾನು ಊರ ಬಾವಿ ನೀರಿನಾಕಿ, ಆಮ್ಯಾಲೆ ಬೋರಿನ ನೀರಿನಾಕಿ.
ಏನ ತಿಂದಿ ಅಂತ ಎಲ್ಲಾರೂ ಕೇಳತಾರ ತಮ್ಮಾ.
ಏನ ಕುಡದಿ ಅಂತ?"

ಈಗರೆ ಬೆಳ್ಳಗ ಮಾಡಿಸಿಕೋ ಅವ್ವಾ, ಅಂದೆ,
ಅದಕ್ಕ ರೊಕ್ಕ ಹೆಚ್ಚಿಲ್ಲ.

ಕೆಳಗ ನೂಲು ಹರಿದಿರಬೇಕು, ಮಗ್ಗ ನಿಂತಿತು.

"ಮೊಮ್ಮಗಳು ಅದಾಳ, ಏಳನೇತ್ತೆ. ಆಕಿ ಹಲ್ಲೂ ಹಿಂಗ.
ಸಾಲ್ಯಾಗ ಬಾಯಿಗೆ ಕೈ ಹಚ್ಚಿ ನಗತಾಳ,
ನನ್ನ ಮುಂದಷ್ಟ ಕೈ ತಗೀತಾಳ.
ನಾನೂ ಬೆಳ್ಳಗಾದ್ನಿ ಅಂದ್ರ
ಆಕಿ ಒಬ್ಬಾಕಿನ ಆಗತಾಳಲ್ಲೋ."

ಇಪ್ಪತ್ತೆರಡು ವರ್ಷ ಕಲಿ ಮುಚ್ಚೂದ ನನ್ನ ಕಸಬು,
ಕಲಿ ಹಚ್ಚೂದು ಕೈಗೆ ಗೊತ್ತಿರಲಿಲ್ಲ.
ಮೊದಲನೇದು ತಂಬಾಕಿನ ಬಾಯಿಯಂಗ ಆತು.
ಎರಡನೇದರ ಗೆರಿ ನೆಟ್ಟಗ, ಸೀರಿಯ ಅಂಚಿನಂಗ.
ಆ ಮೂರು ಹಲ್ಲು ಎದುರಿಗಿಟ್ಟುಕೊಂಡು
ಒಂದು ರಾತ್ರಿ ಬರೇ ನೋಡಿದೆ:
ಎಲ್ಲಿ ನೀರು ತಡದದ, ಎಲ್ಲಿ ಹರದದ,
ಎಲ್ಲಿ ಹುಡುಗಿ ಜ್ವರ ಬಂದು ಮಲಗಿರಬೇಕು.
ಆಮ್ಯಾಲೆ ಒಂದ ಕೂದಲಿನ ಕುಂಚ ತಗೊಂಡೆ.

ತೊಟ್ಟುಕೊಂಡಳು. ಕನ್ನಡಿ ಬ್ಯಾಡಂದಳು,
ನಾಲಿಗಿಯಿಂದ ಎಣಿಸಿದಳು.
ಚೀಲದಿಂದ ಕಟಕ ರೊಟ್ಟಿ ಬಂತು.
"ತಿಂಗಳತನಕ ಗಟ್ಟಿದ್ದು ಬ್ಯಾಡ ಅಂದಾರ ಡಾಕ್ಟರು," ಅಂದೆ.
"ಅವರಿಗೆ ನಾ ಹೇಳಂಗಿಲ್ಲ."
ಕಟಂ ಅಂತು. ಕೆಳಗಿನ ಮಗ್ಗಕ್ಕೂ ಕೇಳಿರಬೇಕು.
ಉಳಿದ ಅರ್ಧ ನನಗ ಕೊಟ್ಟಳು.

ಒಂದು ಗ್ಲಾಸ್ ನೀರು ಮುಂದಿಟ್ಟೆ.
ಎತ್ತಿ ಬೆಳಕಿಗೆ ಹಿಡಿದಳು, ಶೇಡ್ ಪಟ್ಟಿ ಹಿಡಿದಂಗ.
"ಎಲ್ಲಿ ನೀರಪಾ ಇದು?"
ಕ್ಯಾನಿಂದು, ಅಂದೆ.
"ಕ್ಯಾನಿಗೆ?"

ನನಗ ಗೊತ್ತಿರಲಿಲ್ಲ.
ಬಸ್ಸಿನ ಹೊತ್ತಾತು ಅಂತ ಆಕಿ ಇಳಿದು ಹೋದಳು,
ಗ್ಲಾಸ್ ಅಲ್ಲೇ ಉಳೀತು, ತುಂಬಿದ್ದು ತುಂಬಿದಂಗ.
ಒಂದು ಎಳ್ಳು ನನ್ನ ದವಡಿ ಹಲ್ಲಿನ ಸಂದ್ಯಾಗ ಸಿಕ್ಕು
ಸಂಜಿತನಕ ಬರಲೇ ಇಲ್ಲ.