ಮೂಲೆಯ ಕೆಂಪು ಅಕ್ಷರ

ಹನ್ನೊಂದೂ ಐವತ್ತಕ್ಕೆ ಕಡಲು ಕಾಣೆಯಾಯಿತು.
ಕೊಕಿಂಬೊದವರು ನಾವು ಅದಕ್ಕೆ ಕಾಮಂಚಾಕ ಅನ್ನುತ್ತೇವೆ:
ಶಾಂತಸಾಗರ ಬಾಯಿ ತೆರೆದು ಬಿಡುವ ಮಂಜು.
ಬಂದರೆ ದೋಣಿ, ದೀಪ, ಗುಡ್ಡದ ಮನೆ
ಎಲ್ಲವೂ ಒಂದೇ ಬಿಳಿ ಚೀಲದೊಳಗೆ.

ಬಂದರಿನ ಕಟ್ಟೆಯ ಪಕ್ಕ ನಮ್ಮ ವ್ಯಾನು.
ಒಳಗೆ ಆರು ಪರದೆ, ಆರರಲ್ಲೂ ಹಾಲು.
ಓಸ್ವಾಲ್ದೋ ಬೆವರೊರೆಸಿಕೊಂಡ:
'ನಗರಸಭೆ ದುಡ್ಡು ಸುರಿದಿದೆ, ಬಿಯರಿನವರು ಸುರಿದಿದ್ದಾರೆ,
ಇಡೀ ದೇಶ ಬಟ್ಟಲಲ್ಲಿ ಹನ್ನೆರಡು ದ್ರಾಕ್ಷಿ ಇಟ್ಟುಕೊಂಡು ಕೂತಿದೆ.
ಹೋದ ವರ್ಷದ್ದು ಇದೆಯಲ್ಲ?'
ಇತ್ತು.
ನನ್ನ ಬೆರಳಿಗೆ ಆ ಗುಂಡಿ ಗೊತ್ತಿತ್ತು.

ಹನ್ನೆರಡು ಹೊಡೆಯಿತು. ಹೊರಗೆ ನಿಜದ ಬಾಣಬಿರುಸು
ಮಂಜಿನ ಹೊಟ್ಟೆಯೊಳಗೆ ಕೆಮ್ಮಿತು:
ಗುಲಾಬಿ, ಹಸಿರು, ಆಮೇಲೆ ಏನೋ ಮಾಸಲು,
ಕಣ್ಣು ಮುಚ್ಚಿಕೊಂಡು ದೀಪ ನೋಡಿದ ಹಾಗೆ.
ಒಳಗೆ ಹೋದ ವರ್ಷದ ಆಕಾಶ
ಒಂದು ಚುಕ್ಕಿಯನ್ನೂ ಬಿಡದೆ ಅರಳುತ್ತಿತ್ತು.
ಸದ್ದು ಈ ವರ್ಷದ್ದು, ಬೆಳಕು ಆ ವರ್ಷದ್ದು.
ಎರಡಕ್ಕೂ ಗಂಟು ಹಾಕಿದ್ದು ನಾನು. ಒಳ್ಳೆಯ ಗಂಟು,
ಎಳೆದು ನೋಡಿದರೂ ಸಿಗದು.
ಮೇಲೆ, ಬಲಮೂಲೆಯಲ್ಲಿ, ಕೆಂಪು ಅಕ್ಷರ: ಎನ್ ವೀವೋ.

ಮೂರನೆಯ ದಿನ ಬಯಲಾಯಿತು.
ಮಾರ್ಚಿನಲ್ಲೇ ಗುಜರಿ ಸೇರಿದ್ದ ನೀಲಿ ಹಡಗೊಂದು
ನಮ್ಮ ಪರದೆಯಲ್ಲಿ ಹಾಯಾಗಿ ತೇಲುತ್ತಿತ್ತಂತೆ.
ಪತ್ರಿಕೆಗಳು ಬರೆದವು: ಕಣ್ಣಿಗೆ ಮಣ್ಣೆರಚಿದರು.
ಮಣ್ಣಲ್ಲ, ಬಣ್ಣ, ಅಂದೆ ಕ್ಯಾಂಟೀನಿನಲ್ಲಿ. ಯಾರೂ ನಗಲಿಲ್ಲ.
ನನ್ನ ವಾದ ಸಿದ್ಧವಿತ್ತು:
ಮೆರವಣಿಗೆಯ ಕುದುರೆ ತಾಲೀಮು ಮಾಡಿರುವುದಿಲ್ಲವೇ?
ಮದುವೆಯ ಫೋಟೋಕ್ಕೆ ಮದುಮಗಳು ಎರಡನೇ ಸಲ ನಕ್ಕಿರುವುದಿಲ್ಲವೇ?
ಬಾಣಬಿರುಸೇ ಒಂದು ಸುಳ್ಳು ನಕ್ಷತ್ರ,
ಸುಳ್ಳಿಗೆ ಸುಳ್ಳು ಬೆರೆಸಿದರೆ ಹೋಗುವ ಮಾನ ಯಾರದು?

ಆಮೇಲೆ ಎದೆಲ್ಮೀರಾ ಬಂದಳು.
ಮೀನು ಮಾರುವ ಕೈ, ಉಗುರಿನಂಚಿಗೆ ಹುರುಪೆ.
ಕುರ್ಚಿ ಎಳೆದರೂ ಕೂರಲಿಲ್ಲ.
'ಹನ್ನೆರಡೂ ನಾಲ್ಕಕ್ಕೆ ಜನರನ್ನು ತೋರಿಸಿದಿರಿ.
ಹಳದಿ ಟೋಪಿ. ದ್ರಾಕ್ಷಿ ತುರುಕಿಕೊಂಡು ನಗುತ್ತಿದ್ದವನು.
ಲಿಸಾಂದ್ರೋ. ನನ್ನ ಗಂಡ.
ಆಗಸ್ಟಿನಲ್ಲಿ ಇಂಥದೇ ಮಂಜು.
ದೋಣಿ ಮಾತ್ರ ವಾಪಸು ಬಂತು.

ಬೆಂಕಿ ಸುಳ್ಳಾಗಿರಲಿ, ನನಗೇನು?
ಆ ಕೆಂಪು ಅಕ್ಷರ ಏನನ್ನುತ್ತದೆ, ಓದಿ.'
ಓದಿದೆ. ಇಪ್ಪತ್ತು ವರ್ಷದಿಂದ
ನಾನೇ ಅಂಟಿಸುತ್ತ ಬಂದ ಮಾತು.
ಎನ್ ವೀವೋ. ಜೀವಂತ.

'ಓಡಿದೆ. ನೂರಾ ಎಂಬತ್ತು ಮೆಟ್ಟಿಲು, ಒಂದೇ ಕಾಲಿಗೆ ಚಪ್ಪಲಿ.
ಮಂಜಿನಲ್ಲಿ ಸಿಕ್ಕ ಗಂಡಸರ ಟೋಪಿಯನ್ನೆಲ್ಲ
ಮುಟ್ಟಿ ಮುಟ್ಟಿ ನೋಡಿದೆ.
ಎಲ್ಲರೂ, ಹೊಸ ವರ್ಷ ಅಂತ, ತಬ್ಬಿಕೊಂಡರು.'

ಕ್ಷಮೆ ಕೇಳಲಿಲ್ಲ ನಾನು.
ನನ್ನ ಬಾಯಿ ಅಷ್ಟು ದೊಡ್ಡದಿರಲಿಲ್ಲ.
ಟೇಪು ಹಾಕಿದೆ. ಏಳು ಸೆಕೆಂಡು.
ಉಬ್ಬಿದ ಕೆನ್ನೆ, ಗದ್ದಕ್ಕಿಳಿದ ರಸ, ಆರನೆಯ ದ್ರಾಕ್ಷಿ,
ಅಷ್ಟರಲ್ಲಿ ಕ್ಯಾಮೆರಾ
ಆಕಾಶ ನೋಡಲು ಕತ್ತೆತ್ತುತ್ತದೆ.
ನಾಲ್ಕು ಸಲ ನೋಡಿದಳು.
ಈಗ ಪರದೆಯ ಮೂಲೆ ಖಾಲಿ.

'ಆ ರಾತ್ರಿ ನಾನು ಕಟ್ಟೆಗೆ ಬಂದಿರಲಿಲ್ಲ, ಏನೋ ಜಗಳ.
ಹನ್ನೆರಡೂ ತಿಂದನಾ?'

ತಿಂದ, ಅಂದೆ.
ಪೂರ್ತಿ ಟೇಪು ನೋಡಿದ್ದೇನೆ, ಅಂದೆ.

ಮಾರುಕಟ್ಟೆಯಲ್ಲಿ ನೋಟನ್ನು ಬೆಳಕಿಗೆ ಹಿಡಿಯುವ ಹಾಗೆ
ನನ್ನ ಮುಖವನ್ನು ಹಿಡಿದು ನೋಡಿದಳು,
ಆಮೇಲೆ ಆ ಮಾತನ್ನು ಮಡಚಿ
ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಹೊರಟಳು.

ನಡೆಯುವ ನೋಟೋ, ಅಲ್ಲವೋ,
ಹೇಳಲಿಲ್ಲ.