ಹದಿನಾಕು ಟಗರು

ಗಂಗಾವತಿಯ ಅಕ್ಕಿ ಮಿಲ್ಲುಗಳು ಮುಗಿಯೂ ಕಡೆ
ಗಾಜಿನ ಅಂಗಡಿ. ಒಳಗ ತಂಪು.
ಚಪ್ಪಲಿ ಹೊರಗ ಬಿಡಬೇಕೋ ಬ್ಯಾಡೋ ಅಂತ
ಬಾಗಲದಾಗ ಇಬ್ಬರೂ ಒಂದು ಗಳಿಗಿ ನಿಂತ್ವಿ.
ನಮ್ಮವ ಬಿಟ್ಟ. ನಾ ಬಿಡಲಿಲ್ಲ.

ಎದಿ ಮ್ಯಾಲೆ ವಾದಿರಾಜ ಅಂತ ಬಿಲ್ಲೆ ಹಚ್ಚಿಕೊಂಡ ಹುಡುಗ
'ಸಾಣಾಪುರದ ರೆಸಾರ್ಟಿನವರೇನ್ರಿ?' ಅಂದ.
ಆಮ್ಯಾಲೆ ಕಂಬಳಿ ನೋಡಿದ.
'ಕುರಿಯವ್ರು' ಅಂದೆ.
ನಕ್ಕ. ನಗಲಿ ಬಿಡು, ಹಲ್ಲು ಚೊಲೊ ಇದ್ವು.

ನಮ್ಮ ಚಂದ್ರಿಗೆ ಈಗ ಮುಂಗಾಲು ಮಡಚಾಕ ಬರಂಗಿಲ್ಲ.
ಹದಿನೇಳು ವರ್ಷ ಹೊತ್ತಾಳ:
ಗುಡಾರ, ಕೊಡ, ಜೋಳದ ಹಿಟ್ಟು,
ಎರಡೂ ಪಕ್ಕದ ಜಾಳಿಗ್ಯಾಗ ದಾರ್ಯಾಗ ಹುಟ್ಟಿದ ಮರಿ,
ಒಮ್ಮೆ ನನ್ನ ಮಗನ್ನೂ, ಹೊಕ್ಕಳ ಇನ್ನಾ ಹಸಿ ಇದ್ದಾಗ.
ಮತ್ತೊಂದು ಕುದುರಿ ತರೂಣಂದ್ರ ಈಗ ಎಲ್ಲಿ ಅದಾವ,
ಇದ್ದವೆಲ್ಲ ಮದುವಿ ಮೆರವಣಿಗ್ಯಾಗ ಕುಣ್ಯಾಕ ಹೋಗ್ಯಾವ.

ನಾಕು ದಪ್ಪ ಗಾಲಿ, ಮ್ಯಾಲೆ ಛತ್ತಿಲ್ಲ,
ಕುದುರಿ ಹತ್ತಿದಂಗ ಕಾಲು ಚೆಲ್ಲಿ ಹತ್ತೂದು.
ಕೆಂಪಂದು ತೋರಿಸಿದ. 'ಇನ್ನೂರ ಐವತ್ತು ಸಿಸಿ' ಅಂದ.
ಹಸರಂದು ತೋರಿಸಿದ. ಅದರಾಗ ಹಾಡೂ ಹಚ್ಚಬಹುದಂತ.
ನಮ್ಮವ ಕೇಳಿದ: 'ಎರಿಮಣ್ಣಾಗ, ಮಳಿ ಬಂದ ಮರುದಿನ?'
ಹುಡುಗ ಪುಸ್ತಕ ತಿರುವಿದ. ಪುಸ್ತಕದಾಗ ಮರಳಿತ್ತು, ಹಿಮ ಇತ್ತು,
ಎರಿಮಣ್ಣು ಇರಲಿಲ್ಲ.

ಆಗ ನಾ ನೆಲಕ್ಕ ಕುಂತೆ. ಆಮ್ಯಾಲೆ ಮಲಗೇ ಬಿಟ್ಟೆ.
ದನ ಕೊಳ್ಳೂವಾಗ ಹಲ್ಲು ನೋಡತೀವಿ, ಗೊರಸು ನೋಡತೀವಿ;
ಇದಕ್ಕ ಹೊಟ್ಟಿ ನೋಡಬೇಕು,
ನೆಲಕ್ಕೂ ಹೊಟ್ಟಿಗೂ ಎಷ್ಟು ಗೇಣು ಅಂತ.
ಕೆಂಪಂದಕ್ಕ ಒಂದು ಗೇಣು. ಹಸರಂದಕ್ಕ ಮ್ಯಾಲೆ ಎರಡು ಬೆರಳು.
ಅಲ್ಲಿಂದನ ಕಂಡಿತು, ಗ್ವಾಡಿ ಮೂಲ್ಯಾಗ
ತಾಡಪತ್ರಿ ಹೊತ್ತು ನಿಂತಿದ್ದ ಇನ್ನೊಂದು.

'ಅದು ವಾಪಸ್ ಬಂದದ್ದರೀ, ರೆಸಾರ್ಟಿಂದು.
ಪ್ಯಾಟಿ ಹುಡುಗರು ಬಂಡೆಗಲ್ಲಿಗೆ ಹತ್ತಿಸಾಕ ಹೋಗಿ ಕೆಡವ್ಯಾರ.'
ಬಿದ್ದು ಎದ್ದದ್ದು ಅಂದ್ರ ನೆಲದ ಗುರ್ತು ಇದ್ದದ್ದು.
ಮಡಗಾರ್ಡು ಸೀಳಿತ್ತು, ಸೀಟು ಹರದಿತ್ತು,
ಹಿಂದ ಕಬ್ಬಿಣದ ಸರಳಿನ ಕ್ಯಾರಿಯರ್: ಆರು ಮರಿ, ಒತ್ತಿದ್ರ ಎಂಟು.
'ಇದು' ಅಂದೆ.

'ಒಂದು ತೊಂಬತ್ತು' ಅಂದ ಹುಡುಗ.
ಹತ್ತೊಂಬತ್ತು ಟಗರು ಅಂತ ಕೇಳಿಸಿತು ನನಗ.
'ಇನ್ನೊಂದು ಮಾತರೀ. ಇದಕ್ಕ ನಂಬರ್ ಸಿಗಂಗಿಲ್ಲ,
ರಸ್ತಾಕ್ಕ ಇಳಿಸಂಗಿಲ್ಲ, ಪೊಲೀಸರು ಹಿಡೀತಾರ.'
ನಮ್ಮವ ಅವತ್ತು ಮೊದಲ ಸಲ ನಕ್ಕ:
'ರಸ್ತಾ ನಮಗ ಯಾವತ್ತ ಇತ್ತಪಾ.'

ಗಾಡಿ ಚಾಲೂ ಮಾಡಿ ತೋರಿಸಾಕ ಬಂದಾವ ಮೈಬೂಸಾಬ,
ಬಿಳಿ ಗಡ್ಡ, ಬೆರಳ ಸಂದ್ಯಾಗ ಗ್ರೀಸು.
ಮಾತಿನ್ಯಾಗ ಮಾತು ಬಂತು, ಅವರಪ್ಪ ಸಂತ್ಯಾಗ ದನದ ದಲಾಲಿ.
ನಾ ಸುಮ್ಮನ ಕಂಬಳಿ ಚಾಚಿದೆ.
ಅವ ಒಂದು ಸಲ ಮಾಲಕನ ಕೋಣಿ ಕಡೆ ನೋಡಿ
ಕಂಬಳಿ ಒಳಗ ಕೈ ತಂದ.

ಬಾಯಿಲೆ 'ಕಮ್ಮಿ ಆಗಂಗಿಲ್ಲವ್ವಾ, ಹಾಕಿದ ರೊಕ್ಕನೂ ಬರಂಗಿಲ್ಲ' ಅಂತಿದ್ದ,
ಕೈ ನನ್ನ ಒಂದು ಬೆರಳು ಹಿಡೀತು, ಬಿಡ್ತು,
ಆಮ್ಯಾಲೆ ನಾಕು ಕೂಡಿಸಿ ಹಿಡೀತು.
ಹೆಂಗಸರ ಕೈ ಹಿಡಿದು ವ್ಯಾಪಾರ ಮಾಡೂದಿಲ್ಲ ಯಾರೂ.
ನಮ್ಮವ ಮ್ಯಾಲೆ ನೋಡಿದ. ಎಸಿ ಎಣಿಸಿದ. ಎರಡಿದ್ವು.

'ಒಂದು ನಲವತ್ತು' ಅಂದೆ ಜೋರಿಲೆ.
ಹುಡುಗ ಒಳಗ ಹೋದ, ಬಂದ, ಆ ತಂಪಿನ್ಯಾಗೂ ಬೆವತಿದ್ದ.
'ಮಾಲಕರು ಹೂಂ ಅಂದ್ರು.'
ಮೈಬೂಸಾಬ ಅಷ್ಟೊತ್ತಿಗೆ ಕೈ ಒರಸಿಕೋತ ಹೊರಗ ನಿಂತಿದ್ದ.
ಯಾಕ ಹೇಳಿದ, ಅವಗೇನು ಬಂತು, ಇವತ್ತಿಗೂ ತಿಳೀವಲ್ದು.
ಕಂಬಳಿ ಮ್ಯಾಲೆ ಗ್ರೀಸಿನ ಗುರ್ತು, ತೊಳದ್ರೂ ಹೋಗವಲ್ದು.

ಟೆಂಪೋದಾಗ ಹಾಕ್ಕೊಂಡು ಬಂದು
ಭತ್ತ ಕೊಯ್ದ ಕೂಳ್ಯಾಗ ಇಳಿಸಿದ್ವಿ.
ಚಂದ್ರಿ ಕುಂಟಿಕೋತ ಬಂದು ಸೀಟು ಮೂಸಿದಳು,
ಹರಕಿನ್ಯಾಗಿನ ಸ್ಪಂಜು ಒಂದು ಚೂರು ಕಿತ್ತು
ಬಾಯಾಗ ಆಡಿಸಿ ಉಗುಳಿದಳು.

ರಾತ್ರಿ ಮರಿ ಹಾಕೂ ಕುರಿ ನೋಡಾಕ ಎದ್ದು ಬ್ಯಾಟರಿ ಬಿಟ್ಟೆ.
ನಮ್ಮವ ಗಾಡಿಯ ಮುಂದಿನ ಎರಡೂ ಗಾಲಿಗೆ
ಹಗ್ಗದ ಕಾಲ್ಗಟ್ಟು ಹಾಕಿದ್ದ,
ಚಂದ್ರಿಗೆ ಹಾಕೂ ಅದ ಗಂಟು.
ಬಿಚ್ಚಾಕ ಬಗ್ಗಿದೆ.
ಬಿಟ್ಟೆ.